ಮ್ಯಾನ್ಯುಯಲ್ಲೋ, ಡಿಸಿಟಿಯೋ: ಕಾರು ನೋಡಲು ಹೋಗುವ ಮುನ್ನ

ಗೆಳೆಯರೇ, ಟರ್ಬೊ ಪೆಟ್ರೋಲ್ ಕಾರು ಹುಡುಕುತ್ತಿರುವವರಿಗೆ ಈ ಮಾತು. ವೇಗವೊಂದೇ ಮುಖ್ಯವಾದರೆ ಡಿಸಿಟಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ತಗೊಳ್ಳಿ. ಮುಂದಿನ ಗೇರು ಮೊದಲೇ ಸಿದ್ಧವಿರುವುದರಿಂದ ಎಳೆತ ಹೆಚ್ಚೂಕಡಿಮೆ ಕಡಿಯುವುದೇ ಇಲ್ಲ. ಆದರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ 1.5 ಟಿಎಸ್‌ಐ ಟರ್ಬೊ ಎಂಜಿನ್ ಜೊತೆ ಬರುವ 7 ಗೇರಿನ ಡಿಎಸ್‌ಜಿಯಲ್ಲಿ (ಡಿಸಿಟಿಗೆ ಆ ಕಂಪನಿಯ ಹೆಸರು) ಇರುವುದು ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ದಟ್ಟಣೆಯಲ್ಲಿ ಇಂಚಿಂಚೇ ತೆವಳಿಸಿದರೆ ಅದು ಅರ್ಧ ಹಿಡಿತದಲ್ಲೇ ಜಾರುತ್ತಾ ಬಿಸಿಯಾಗುತ್ತದೆ. ಕ್ರಮೇಣ 1–2ನೇ ಗೇರಿನಲ್ಲಿ ನಡುಕ ಶುರು. ಮುಂದೆ ಒಂದು ಕಾರಿನಷ್ಟು ಜಾಗ ಆಗುವವರೆಗೂ ಬ್ರೇಕ್ ಒತ್ತಿಯೇ ಇರಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರು ನಿಲ್ಲಿಸಿಕೊಳ್ಳುವ ಚಟ ದಯವಿಟ್ಟು ಬಿಡಿ, ಕ್ಲಚ್ ಸುಡುವುದೇ ಅಲ್ಲಿ.

ಹಳೇ ಕಾರಾದರೆ ಕನಿಷ್ಠ 30 ನಿಮಿಷ ಓಡಿಸಿ ನೋಡಿ. ತಣ್ಣಗಿನ ಗೇರ್‌ಬಾಕ್ಸ್ ದೋಷ ಮುಚ್ಚಿಡುತ್ತದೆ. ಮ್ಯಾನ್ಯುಯಲ್ ಆದರೆ ಖಾಲಿ ರಸ್ತೆಯಲ್ಲಿ 4ನೇ ಗೇರು, 2,000 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಏರದಿದ್ದರೆ ಕ್ಲಚ್ ಸವೆದಿದೆ. ರೀಮ್ಯಾಪ್ ಮಾಡಿಸಿದ (ಸಾಫ್ಟ್‌ವೇರ್ ಬದಲಿಸಿ ಎಂಜಿನ್ ಶಕ್ತಿ ಹೆಚ್ಚಿಸಿದ) ಕಾರಿನಲ್ಲಿ ಇದು ಬೇಗ ಬರುತ್ತದೆ. ಕ್ಲಚ್ ಬದಲಿಸುವಾಗ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಕೂಡ ಹಾಕಿಸಿ, ಗೇರ್‌ಬಾಕ್ಸ್ ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ.

ಯಲ್ಲಾಪುರ ದಾಟಿ ಅಂಕೋಲಾ ಕಡೆ ಮೇಲಿಂದ ಮೇಲೆ ಹೋಗುವವರಿಗೆ ಮ್ಯಾನ್ಯುಯಲ್ಲೇ ನಮ್ಮ ಮತ. ಡಿಸಿಟಿಯವರು ಅರಬೈಲ್ ಘಟ್ಟ ಇಳಿಯುವಾಗ ಡಿ (ಡ್ರೈವ್) ಬಿಟ್ಟು ಮ್ಯಾನ್ಯುಯಲ್ ಮೋಡ್‌ನಲ್ಲಿ 2 ಅಥವಾ 3ನೇ ಗೇರಿನಲ್ಲೇ ಹಿಡಿದಿಡಿ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ.