ಮೀಡ್, ಸೈಡರ್ ಮಾಡಬಯಸುವ ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ,

ಜೇನಿನ ಮೀಡ್, ಸೇಬಿನ ಸೈಡರ್ ಎರಡೂ ಮದ್ಯವೇ ಆಗಿರುವುದರಿಂದ, ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅಡಿಯಲ್ಲಿ ಬೇಕಾಗುವ ಪರವಾನಗಿಯ ಬಗ್ಗೆ ಅಬಕಾರಿ ಕಚೇರಿಯಲ್ಲಿ ವಿಚಾರಿಸದೆ ಯಾರೂ ಕೆಲಸಕ್ಕೆ ಕೈಹಾಕಬಾರದೆಂದು ವಿನಂತಿಸುತ್ತೇನೆ.

ಮೀಡ್‌ಗೆ ಒಂದು ಕಿಲೋ ತುಡುವೆ ಜೇನಿಗೆ ಸುಮಾರು 3 ಲೀಟರ್ ಕುದಿಸಿ ಆರಿಸಿದ ನೀರು ಮತ್ತು ವೈನ್ ಯೀಸ್ಟ್ (ಹುದುಗಿಸುವ ಸೂಕ್ಷ್ಮಜೀವಿ) ಸಾಕು. ಸೈಡರ್‌ಗೆ ಸಂರಕ್ಷಕ ಬೆರೆಸದ ರಸವನ್ನೇ ಆರಿಸಿಕೊಳ್ಳಿ.

ನಮ್ಮ ಮಂಗಳೂರಿನ ಸೆಕೆಯೇ ದೊಡ್ಡ ತೊಡಕು. ಹುದುಗುವಾಗ ಉಷ್ಣತೆ 30 ಡಿಗ್ರಿ ದಾಟಿದರೆ ರುಚಿ ಕಟುವಾಗುವುದುಂಟು. ಗಾಳಿಯಲ್ಲಿ ತೇವ ಹೆಚ್ಚಿರುವ ಇಲ್ಲಿ ಒದ್ದೆ ಬೈರಾಸು ಸುತ್ತಿದರೆ ಸಾಲದು, ಭರಣಿಯನ್ನು ತಣ್ಣೀರಿನ ಬೋಗುಣಿಯಲ್ಲಿರಿಸಿ ಆಗಾಗ ನೀರು ಬದಲಿಸಬೇಕು. ಮುಚ್ಚಳವನ್ನು ದಯವಿಟ್ಟು ಬಿಗಿ ಮಾಡಬೇಡಿ, ಅನಿಲ ಹೊರಹೋಗದಿದ್ದರೆ ಗಾಜು ಸಿಡಿಯುತ್ತದೆ. ಗುಳ್ಳೆ ನಿಂತರೂ, ಹೈಡ್ರೋಮೀಟರಿನ (ದ್ರವದ ಸಾಂದ್ರತೆ ಅಳೆಯುವ ಸಾಧನದ) ಅಂಕಿ ಕೆಲವು ದಿನ ಬದಲಾಗದಿದ್ದರೆ ಮಾತ್ರ ಬಾಟಲಿಗೆ ಇಳಿಸಿ.