ಭಾನುವಾರ ಅಂಜಲ್ ಮೀನು ಯಾಕೆ ಇರುವುದಿಲ್ಲ: ನಮ್ಮ ಗಿರಾಕಿಗಳಿಗೆ ಒಂದು ಪತ್ರ

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಬರುವ ತಿಂಗಳಿಂದ ಭಾನುವಾರ ನಮ್ಮ ಅಂಗಡಿಯಲ್ಲಿ ಅಂಜಲ್, ಪಾಂಪ್ಲೆಟ್, ದೊಡ್ಡ ಸಿಗಡಿ ಇರುವುದಿಲ್ಲ. ಬಂಗುಡೆ, ತಾರ್ಲೆ, ಒಣಮೀನು ಎಂದಿನಂತೆ ಇರುತ್ತದೆ. ದೊಡ್ಡ ಮೀನಿನ ಲೋಡ್ ಮಂಗಳವಾರ ಮತ್ತು ಬುಧವಾರ ಬರುತ್ತದೆ. ಗುರುವಾರ, ಶುಕ್ರವಾರ ವಾರ ಮಾಡುವ ಮನೆಗಳು ತುಂಬಾ ಇವೆ ಅಂತ ಗೊತ್ತಿದ್ದೇ ಈ ದಿನ ಆರಿಸಿದ್ದೇವೆ. ರೇಟ್ ಕೂಡ ಸ್ವಲ್ಪ ಏರಿದೆ, ಬೋರ್ಡಿನಲ್ಲಿ ಬರೆದಿದ್ದೇವೆ.

ಸಾಗರದಲ್ಲಿ ಮೀನು ಸಾರು ಅಂದರೆ ಭಾನುವಾರ. ಇದು ನಮಗೆ ಗೊತ್ತಿಲ್ಲದ್ದಲ್ಲ, ವಾರದ ವ್ಯಾಪಾರದಲ್ಲಿ ಅರ್ಧ ಆಗುವುದೇ ಅವತ್ತು. ಅದನ್ನು ಬಿಡುವುದು ನಮಗೇನು ಖುಷಿಯಾ? ನಿಮಗೆ ತೊಂದರೆಯಾಗುತ್ತದೆ, ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ದುಡ್ಡಿನ ಆಸೆಗೆ ಹೀಗೆ ಮಾಡುತ್ತಿದ್ದೇವೆ ಅಂದರೆ ಒಪ್ಪುವುದಿಲ್ಲ.

ಒಂದು ಮಾತನ್ನು ಮಾತ್ರ ಕೇಳಿ ಕೇಳಿ ಸಾಕಾಗಿದೆ. "ಮೊನ್ನೆ ಮುರುಡೇಶ್ವರಕ್ಕೆ ಹೋಗಿದ್ವಿ ಅಣ್ಣಾ, ಅಲ್ಲಿ ರಾಶಿ ರಾಶಿ ಮೀನು. ಘಟ್ಟ ಹತ್ತಿಸಿದ್ದಕ್ಕೇ ಇಷ್ಟು ರೇಟ್ ಹಾಕ್ತೀರಲ್ಲ?" ಹೇಳುವವರು ಹಳೇ ಗಿರಾಕಿಗಳೇ, ಅದಕ್ಕೇ ಬೇಜಾರು ಜಾಸ್ತಿ. ಉತ್ತರ ಸ್ವಲ್ಪ ಉದ್ದ ಇದೆ, ಓದಿ.

ನೀವು ನೋಡಿದ ರಾಶಿ ಸುಳ್ಳಲ್ಲ. ಆದರೆ ಅದರಲ್ಲಿ ಯಾವ ಮೀನಿತ್ತು, ಯಾರು ತಗೊಂಡು ಹೋದರು ಅಂತ ನಿಂತು ನೋಡಿದ್ದೀರಾ? ಮೊದಲು ದಕ್ಕೆಯಲ್ಲಿ, ಅಂದರೆ ಬೋಟಿನಿಂದ ಮೀನು ಇಳಿಸುವ ಕಡೆ, ಏಲಂ ಕೂಗುವಾಗ ಇರುತ್ತಿದ್ದವರು ನಮ್ಮಂಥ ಘಟ್ಟದ ಮೇಲಿನ ವ್ಯಾಪಾರಿಗಳು, ಬುಟ್ಟಿ ಹೊತ್ತು ಮನೆ ಮನೆಗೆ ಮಾರುವ ಹೆಂಗಸರು, ದೂರದ ಊರಿಗೆ ಲಾರಿ ತುಂಬುವವರು, ಇಷ್ಟೇ. ಈಗ ಶುಕ್ರವಾರ ಬೆಳಿಗ್ಗೆಯಿಂದಲೇ ರೆಸಾರ್ಟ್, ಹೋಮ್‌ಸ್ಟೇ, ಹೋಟೆಲುಗಳ ಕಡೆಯವರು ಬಂದು ನಿಲ್ಲುತ್ತಾರೆ. ಅವರಿಗೆ ಒಂದೇ ಸೈಜಿನ ಪಾಂಪ್ಲೆಟ್ ಬೇಕು, ತುಂಡು ಮಾಡಿದರೆ ತಟ್ಟೆ ತುಂಬುವ ಅಂಜಲ್ ಬೇಕು. ಅವರ ಲೆಕ್ಕ ಕೆಜಿಯದ್ದಲ್ಲ, ಪ್ಲೇಟಿನದ್ದು. ಒಂದು ತುಂಡು ಫ್ರೈಗೆ ಅವರು ಹಾಕುವ ಬಿಲ್ಲಿನಲ್ಲಿ ಇಲ್ಲಿ ಒಂದು ಮನೆಗೆ ಎರಡು ಹೊತ್ತಿನ ಸಾರಾಗುತ್ತದೆ. ಹಾಗಾಗಿ ಏಲಂನಲ್ಲಿ ಅವರು ಕೂಗಿದ ರೇಟಿನ ಮೇಲೆ ನಾವು ಕೂಗಲು ಆಗುವುದಿಲ್ಲ. ಕೂಗಿ ತಂದರೆ ಆ ರೇಟ್ ಕೇಳಿ ನೀವೇ ಮಾತಾಡದೆ ಎದುರಿನ ಕೋಳಿ ಅಂಗಡಿಗೆ ಹೋಗುತ್ತೀರಿ.

ಇನ್ನೊಂದು ಹೇಳುತ್ತೇವೆ, ಕೋಪ ಮಾಡಿಕೊಳ್ಳಬೇಡಿ. ಶನಿವಾರ ರಾತ್ರಿ ಅಲ್ಲಿ ಕುಳಿತು ಆ ಅಂಜಲ್ ತಿನ್ನುವವರಲ್ಲಿ ಬೆಂಗಳೂರಿನವರ ಜೊತೆ ನಮ್ಮ ಸಾಗರ, ಶಿವಮೊಗ್ಗದವರೂ ಇದ್ದೀರಿ. ಶನಿವಾರ ಅಲ್ಲಿ ತಿಂದು ಭಾನುವಾರ ಇಲ್ಲಿ ಕೇಳಿದರೆ ಹೇಗೆ?

ಪ್ರವಾಸಿಗರನ್ನು ಬೈಯುತ್ತಿಲ್ಲ. ಜೋಗ ಪಕ್ಕದಲ್ಲಿಟ್ಟುಕೊಂಡು ನಾವು ಬೈಯುವುದು ಚೆನ್ನಾಗಿರಲ್ಲ, ಮಳೆಗಾಲದ ಬಸ್ಸುಗಳಿಂದ ಇಲ್ಲಿ ಎಷ್ಟು ಅಂಗಡಿ ನಡೆಯುತ್ತವೆ ಅಲ್ವಾ. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ನೋಡಲು ಚೆನ್ನಾಗಿಯೇ ಇದೆ. ಶರಾವತಿ ಅಳಿವೆಯಲ್ಲಿ ಬಲೆ ಹಾಕುತ್ತಿದ್ದ ಕೆಲವು ಹುಡುಗರು ಈಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಲು ಜನರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಮೀನು ಸಿಗುತ್ತೋ ಇಲ್ಲವೋ ಎಂಬ ಚಿಂತೆ ಇಲ್ಲದ ದುಡ್ಡು, ತಪ್ಪು ಅಂತ ಯಾರು ಹೇಳುತ್ತಾರೆ? ಆದರೆ ಒಂದು ದೋಣಿ ಅತ್ತ ಹೋದರೆ ಅಷ್ಟು ಮೀನು ದಕ್ಕೆಗೆ ಕಡಿಮೆ.

ದಡದ ಜಾಗದ ಕಥೆಯೂ ಇದೆ. ರಂಪಣಿ ಬಲೆಯನ್ನು ಎರಡೂ ತುದಿಯಿಂದ ಸಾಲಾಗಿ ನಿಂತು ಎಳೆಯಬೇಕು, ಉದ್ದಕ್ಕೆ ಖಾಲಿ ಮರಳು ಬೇಕು. ಅಲ್ಲಿ ಈಗ ಕುರ್ಚಿ, ಕೊಡೆ, ನೀರಿನ ಬೈಕು. ಹಾಗಂತ ರಂಪಣಿ ಸೋತಿದ್ದೇ ಇದರಿಂದ ಅಂದರೆ ಸುಳ್ಳಾಗುತ್ತದೆ, 1970ರ ದಶಕದಲ್ಲಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದಾಗಲೇ ಅದಕ್ಕೆ ಪೆಟ್ಟು ಬಿದ್ದಿತ್ತು. ಉಳಿದಿದ್ದ ಮರಳಿಗೆ ಈಗ ಕಟ್ಟಡ ಹತ್ತಿರ ಬರುತ್ತಿದೆ. 2019ರ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ, ಜನ ದಟ್ಟವಾಗಿರುವ ಹಳ್ಳಿಗಳ ಕಡೆ, ಕಟ್ಟಡ ಕಟ್ಟಬಾರದ ಜಾಗವನ್ನು ಭರತದ ನೀರು ಮುಟ್ಟುವ ಗೆರೆಯಿಂದ 200 ಮೀಟರ್ ಇದ್ದದ್ದು 50ಕ್ಕೆ ಇಳಿಸಿದರು. ದೋಣಿ ಎಳೆದಿಡುವುದು, ಬಲೆ ಹರಡುವುದು, ಮೀನು ಒಣಗಿಸುವುದು ಎಲ್ಲ ಅದೇ ಜಾಗದಲ್ಲಿ. ಒಣಮೀನಿನ ವಾಸನೆಗೆ ಹಗಲು ಮೂಗು ಮುಚ್ಚುವವರೇ ರಾತ್ರಿ ಸಿಗಡಿ ಫ್ರೈ ಕೇಳುತ್ತಾರಂತೆ! ಒಣಗಿಸುವ ಹೆಂಗಸರು ನಮಗೆ ನಗುತ್ತಾ ಹೇಳಿದ್ದು ಇದು, ಆದರೆ ಜಾಗ ಕಡಿಮೆಯಾದರೆ ಮಳೆಗಾಲಕ್ಕೆ ನೀವು ಕಟ್ಟಿಡುವ ಒಣಮೀನಿನ ರೇಟೂ ಏರುತ್ತದೆ.

"ಸಿಗಂದೂರು ಸೇತುವೆ ಆಯ್ತಲ್ಲ, ಇನ್ನೇನು?" ಅಂತ ಕೇಳುವವರಿಗೆ: 2025ರ ಜುಲೈನಿಂದ ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯುವುದು ತಪ್ಪಿದೆ, ಗಂಗೊಳ್ಳಿ ಕಡೆಯಿಂದ ತರುವಾಗ ಅನುಕೂಲವೇ. ಆದರೆ ನಮ್ಮ ಜಾಸ್ತಿ ಮೀನು ಹೊನ್ನಾವರ, ಭಟ್ಕಳದ್ದು, ಅದು ಹೆಚ್ಚಾಗಿ ಗೇರುಸೊಪ್ಪ ಘಟ್ಟದಲ್ಲೇ ಬರುತ್ತದೆ. ಶನಿವಾರ, ಭಾನುವಾರ ಆ ತಿರುವುಗಳಲ್ಲಿ ಟೂರಿಸ್ಟ್ ಗಾಡಿಗಳ ಹಿಂದೆ ಸಿಕ್ಕಿಕೊಂಡರೆ ಐಸ್ ಕರಗುತ್ತಾ ಹೋಗುತ್ತದೆ. ಕರಗಿದ ಐಸಿನ ದುಡ್ಡನ್ನು ಯಾರೂ ವಾಪಸ್ ಕೊಡಲ್ಲ. ಕ್ಲೀನ್ ಮಾಡಿದ ಮೇಲೆ ತೂಕ ಕಡಿಮೆ ಅಂತ ದೂರುವವರೂ ಇದ್ದೀರಿ. ತಲೆ, ಕರುಳು, ರೆಕ್ಕೆ ತೆಗೆದರೆ ಕಡಿಮೆ ಆಗದೆ ಇನ್ನೇನಾಗುತ್ತದೆ?

ಸುಲಭದ ದಾರಿ ನಮಗೂ ಇತ್ತು. ದೂರದ ಕೋಲ್ಡ್ ಸ್ಟೋರೇಜಿನಿಂದ ವಾರಗಟ್ಟಲೆ ಇಟ್ಟ ಅಂಜಲ್ ಕೊಡುತ್ತೇವೆ, ಭಾನುವಾರಕ್ಕೆ ಎಷ್ಟು ಬೇಕೋ ಅಷ್ಟು, ಅಂತ ಒಬ್ಬರು ಕೇಳಿದ್ದರು. ರೇಟೂ ಕಡಿಮೆಯೇ. ಅಮ್ಮ ಒಂದು ಪೆಟ್ಟಿಗೆ ತೆರೆದು ಕಿವಿರು ಎತ್ತಿ ನೋಡಿ ಮುಚ್ಚಿಟ್ಟರು. ಅಮ್ಮ ಗಲ್ಲಾದಲ್ಲಿ ಕೂರುವ ತನಕ ಆ ಮೀನು ಈ ಅಂಗಡಿಯೊಳಗೆ ಬರುವುದಿಲ್ಲ, ಆಮೇಲೂ ಬರುವುದಿಲ್ಲ.

ಮಂಗಳವಾರ, ಬುಧವಾರ ಕೆಲಸಕ್ಕೆ ಹೋಗುವವರಿಗೆ ಕಷ್ಟ, ಗೊತ್ತು. ಹಿಂದಿನ ದಿನ ಸಂಜೆಯೊಳಗೆ ವಾಟ್ಸಾಪ್ ಮಾಡಿ, ಕ್ಲೀನ್ ಮಾಡಿ ತೆಗೆದಿಡುತ್ತೇವೆ, ರಾತ್ರಿ ಎಂಟರವರೆಗೆ ಬಂದು ತಗೊಳ್ಳಿ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ನಮ್ಮ ತಮ್ಮನೇ ಬೈಕಿನಲ್ಲಿ ತಂದು ಕೊಡುತ್ತಾನೆ, ಅದಕ್ಕೆ ದುಡ್ಡಿಲ್ಲ. ಬೀಗರೂಟ ಇಟ್ಟುಕೊಂಡವರು ಒಂದು ವಾರ ಮುಂಚೆ ಹೇಳಿ, ಭಾನುವಾರವಾದರೂ ಹೇಗಾದರೂ ಹೊಂದಿಸುತ್ತೇವೆ, ರೇಟ್ ಮಾತ್ರ ಅವತ್ತಿನದ್ದು. ಜೂನ್, ಜುಲೈ ಬೋಟುಗಳಿಗೆ ರಜೆ, ಆಗ ನಾಡದೋಣಿಯವರು ತಂದಷ್ಟೇ ಸಿಗುತ್ತದೆ.

ಇಷ್ಟು ಓದಿದ ಮೇಲೂ ಬೈಯುವುದಿದ್ದರೆ ಅಂಗಡಿಗೇ ಬನ್ನಿ. ಬೆಳಿಗ್ಗೆ ಹತ್ತರ ಮೇಲೆ ಬಂದರೆ ಒಳ್ಳೆಯದು, ಅದಕ್ಕೆ ಮುಂಚೆ ಯಾರ ಕೈಯೂ ಖಾಲಿ ಇರುವುದಿಲ್ಲ.

ನಿಮ್ಮ ಮೀನಂಗಡಿಯವರು,
ಸಾಗರ