ಮೊದಲ ಪೈಪ್ ಕೊಳ್ಳುವವರು ರಂಧ್ರ ನೋಡಿ ಕೊಳ್ಳಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪೈಪ್ ಸೇದುವ ಹವ್ಯಾಸದ ಬಗ್ಗೆ ಬಂದ ಬರಹ ಓದಿದೆ. ಹೊಸಬರು ಆನೆಯ ತಲೆ ಕೆತ್ತಿದ ಬೀಟೆ ಮರದ ಪೈಪಿನಿಂದ ಶುರು ಮಾಡಬಹುದು ಎಂಬ ಸಲಹೆ ಅದರಲ್ಲಿದೆ. ಇದನ್ನು ನಾನು ಒಪ್ಪಲಾರೆ. ಸಂಜೆ ಹೊತ್ತು ಮನೆಯ ಮಹಡಿಯ ಮೇಲೆ ಕುಳಿತು ಪೈಪ್ ಸೇದುವ ಅಭ್ಯಾಸ ನನಗಿದೆ. ಪೀಣ್ಯದ ಫೌಂಡ್ರಿಯೊಂದರಲ್ಲಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ, ಅಂದರೆ ಪ್ಯಾಟರ್ನ್, ಮಾಡುತ್ತಲೇ ಕೂದಲು ನರೆತವನು ನಾನು. ಮರದ ಗುಣ ಬಲ್ಲೆ.

ಬೀಟೆಗೆ ಪೀಠೋಪಕರಣದಲ್ಲಿ ಸಾಟಿಯಿಲ್ಲ. ಆದರೆ ಅದರಲ್ಲಿ ಎಣ್ಣೆಯ ಅಂಶ ಹೆಚ್ಚು. ಉಜ್ಜುವಾಗ ಏಳುವ ಧೂಳಿಗೇ ಎಷ್ಟೋ ಕೆಲಸಗಾರರಿಗೆ ಮೈ ಕೆರೆತ ಶುರುವಾಗುತ್ತದೆ. ಅಂಥ ಮರದಲ್ಲಿ ಕೆಂಡವಿಟ್ಟು ಹೊಗೆ ಎಳೆಯಿರಿ ಎನ್ನುವುದು ಹೇಗೆ? ಸಾಲದ್ದಕ್ಕೆ ಮೆರುಗು ಬರಲೆಂದು ಹೊಗೆಸೊಪ್ಪು ತುಂಬುವ ಬಟ್ಟಲಿನ ಒಳಗೂ ವಾರ್ನಿಷ್ ಬಳಿದಿರುತ್ತಾರೆ. ಅರಗಿನ ಬಣ್ಣ ಚನ್ನಪಟ್ಟಣದ ಗೊಂಬೆಗೆ ಶೋಭೆ. ಬೆಂಕಿಯ ಹತ್ತಿರ ಅದು ಕರಗಿ ನಾರುತ್ತದೆ.

ಪೈಪಿಗೆಂದೇ ಬ್ರಯರ್ ಹೆಸರಾಗಿರುವುದಕ್ಕೆ ಕಾರಣವಿದೆ. ಮೆಡಿಟರೇನಿಯನ್ ಸೀಮೆಯಲ್ಲಿ ಬೆಳೆಯುವ ಒಂದು ಪೊದೆಗಿಡದ ಬುಡದ ಗಂಟು ಅದು. ತುಂಡು ಮಾಡಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒತ್ತಾದ ನಾರಿನ ಮರವಾದ್ದರಿಂದ ಸುಲಭಕ್ಕೆ ಸುಡುವುದಿಲ್ಲ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು 19ನೇ ಶತಮಾನದಲ್ಲಿ ಹೆಸರು ಮಾಡಿದ್ದು ಈ ಕೆಲಸದಿಂದಲೇ.

ನಿಮ್ಮ ಬರಹ ಓದಿದ ನಮ್ಮ ಬೀದಿಯ ಹುಡುಗ, ಸಾಫ್ಟ್‌ವೇರ್ ಕಂಪನಿಯಲ್ಲಿರುವವನು, ಅಂಗಡಿಯೊಂದರಿಂದ ಅಂಥದೇ ಪೈಪ್ ತಂದು "ಅಂಕಲ್, ಹೇಗಿದೆ ನೋಡಿ" ಎಂದು ನನ್ನ ಕೈಗಿತ್ತ. ಸೊಂಡಿಲಿನ ಕೆತ್ತನೆ ನಿಜಕ್ಕೂ ಚೆನ್ನಾಗಿತ್ತು. ಬಾಯಿಗಿಡುವ ತುದಿಯಿಂದ ಪೈಪ್ ಕ್ಲೀನರ್, ಅಂದರೆ ಕೊಳವೆ ಶುಚಿ ಮಾಡುವ ನಾರು ಸುತ್ತಿದ ತಂತಿ, ತೂರಿಸಿ, ಬಟ್ಟಲಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದೆ. ಹೊಗೆ ಎಳೆಯುವ ರಂಧ್ರ ಬಟ್ಟಲಿನ ತಳದಲ್ಲೇ ತೆರೆಯಬೇಕು, ಅಂದರೆ ಕ್ಲೀನರ್ ತುದಿ ಸರಿಯಾಗಿ ತಳದಲ್ಲಿ ಕಾಣಬೇಕು. ಇದರಲ್ಲಿ ತಳದಿಂದ ಬೆರಳಗಲ ಮೇಲೆ ಇಣುಕಿತು. ಕಣ್ಣಂದಾಜಿನಲ್ಲಿ ಡ್ರಿಲ್ ಹಾಕಿದರೆ ಹೀಗೇ ಆಗುವುದು. ರಂಧ್ರದ ಕೆಳಗೆ ಉಳಿದ ಹೊಗೆಸೊಪ್ಪು ಪೂರ್ತಿ ಉರಿಯುವುದಿಲ್ಲ, ಅಲ್ಲಿ ತೇವ ನಿಂತು ಗೊರಗೊರ ಎನ್ನುತ್ತದೆ, ಬಾಯಿ ಕಹಿಯಾಗುತ್ತದೆ. ಸೇದುವವನು ಇನ್ನೂ ಜೋರಾಗಿ ಎಳೆಯುತ್ತಾನೆ; ಆಗ ಬಟ್ಟಲು ಹಿಡಿಯಲಾರದಷ್ಟು ಕಾದು ನಾಲಿಗೆ ಸುಡುತ್ತದೆ. ಹುಡುಗನಿಗೆ ಅದನ್ನು ಷೋಕೇಸಿನಲ್ಲಿ ಇಡಲು ಹೇಳಿದೆ.

ಕೊಳ್ಳಲೇಬೇಕು ಎನ್ನುವವರು ಕೆತ್ತನೆಯಿಲ್ಲದ, ನೇರ ಕೊಳವೆಯ, ದಪ್ಪ ಗೋಡೆಯ ಬ್ರಯರ್ ಪೈಪ್ ಕೇಳಲಿ. ಅಂಗಡಿಯಲ್ಲೇ ಕ್ಲೀನರ್ ತೂರಿಸಿ ನೋಡಲಿ, ಅದಕ್ಕೆ ಸಂಕೋಚ ಬೇಡ. ಗಾಢ ಬಣ್ಣದ್ದಾದರೆ ಪುಟ್ಟಿ ತುಂಬಿ ಮುಚ್ಚಿದ ಗುಳಿಗಳಿವೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಲಿ. ಹೆಚ್ಚು ಹಣ ಹಾಕಲು ಮನಸ್ಸಿಲ್ಲದಿದ್ದರೆ ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡಿನಿಂದ ಮಾಡಿದ ಪೈಪ್ ಇದೆ. ಅಮೆರಿಕದ ಮಿಸೌರಿಯಲ್ಲಿ 1869ರಿಂದಲೂ ಅದನ್ನು ತಯಾರಿಸುತ್ತಿದ್ದಾರೆ. ನೋಡಲು ಅಂದವಿಲ್ಲದಿದ್ದರೂ ಹೊಸಬರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಬರಹದ ಇನ್ನೊಂದು ಸಾಲು ಸಿಟ್ಟು ತರಿಸಿತು. ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಅಪಾಯವಿಲ್ಲವಂತೆ. ಇದು ಸುಳ್ಳು. ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಪೈಪ್ ಕೂಡ ಕಾರಣವಾಗುತ್ತದೆ. ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತಕ್ಕೆ ಸೇರುತ್ತದೆ. ನಾನು ಇದನ್ನು ತಿಳಿದೇ ಸೇದುತ್ತೇನೆ. ಹೊಸದಾಗಿ ಕೈಹಾಕುವವರಿಗೂ ಇದು ಮೊದಲೇ ತಿಳಿದಿರಬೇಕು. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಂಬಾಕು ಕಾಯ್ದೆಯ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1000 ರೂಪಾಯಿವರೆಗೆ ಏರಿದೆ. ಕಾಲೇಜು ಮಕ್ಕಳು ಓದುವ ಪುರವಣಿಯಲ್ಲಿ ಈ ಮಾತು ಇರಲೇಬೇಕಿತ್ತು.

ಕರಕುಶಲ ವಸ್ತು ಮಾರುವ ಅಂಗಡಿಗಳವರು ಇಂಥ ಪೈಪಿನ ಮೇಲೆ ಯಾವ ಮರವೆಂದು ಬರೆದು, "ಅಲಂಕಾರಕ್ಕೆ ಮಾತ್ರ" ಎಂಬ ಚೀಟಿ ಅಂಟಿಸಲಿ. ಕೆತ್ತಿದವರ ಕೈಚಳಕಕ್ಕೆ ಇದರಿಂದ ಕುಂದಿಲ್ಲ. ತಾವೂ ಮುಂದಿನ ಭಾನುವಾರ ಅದೇ ಪುಟದಲ್ಲಿ ಈ ಎರಡು ತಪ್ಪುಗಳಿಗೆ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಪ್ಯಾಟರ್ನ್ ಕೆಲಸಗಾರ, ಯಶವಂತಪುರ, ಬೆಂಗಳೂರು